ಕೊನೆ ಮನೆಯ ಕೂಗು

ಹುಣಸೆಕೊಪ್ಪಲಿನ ದೇವಿರಮ್ಮನಿಗೆ ಅಕ್ಷರ ಬಾರದು, ಗಡಿಯಾರದ ಮುಳ್ಳು ಬರುತ್ತದೆ. ಗಂಡ ಹೊನ್ನಯ್ಯ ಊರಿನ ನೀರುಗಂಟಿಯಾಗಿದ್ದ. ಟ್ಯಾಂಕಿನ ನೀರನ್ನು ಬೀದಿ ಬೀದಿಗೆ ತಿರುಗಿಸಿ ಬಿಡುವುದು ಅವನ ಕೆಲಸ. ಹದಿನಾಲ್ಕು ವರ್ಷದ ಹಿಂದೆ ಅವನು ತೀರಿಕೊಂಡಾಗ ವಾಲ್ವು ತಿರುಗಿಸುವ ಎದೆಮಟ್ಟದ ಕಬ್ಬಿಣದ ಕೀಲಿ ಬಾಗಿಲ ಮೂಲೆಗೆ ಒರಗಿಕೊಂಡೇ ಉಳಿಯಿತು. ಮನೆಯಲ್ಲಿ ಸಾವಾಗಿದೆ ಎಂದು ಮೂರು ದಿನ ಯಾರೂ ಕೇಳಲಿಲ್ಲ. ನಾಲ್ಕನೆಯ ದಿನ ಮೂರು ಬೀದಿಯವರೂ ಖಾಲಿ ಕೊಡ ಹಿಡಿದು ಅಂಗಳದಲ್ಲಿ ನಿಂತರು. ದೇವಿರಮ್ಮ ಸೆರಗು ಸಿಕ್ಕಿಸಿಕೊಂಡು ಕೀಲಿ ಹೆಗಲ ಮೇಲಿಟ್ಟು ನಡೆದಳು. ಹೆಂಗಸಿನ ಕೈಯಲ್ಲಿ ಆ ವಾಲ್ವು ತಿರುಗುವುದಿಲ್ಲ ಎಂದವರಿದ್ದರು. ತಿರುಗಿತು. ಹದಿನಾಲ್ಕು ಸುತ್ತು ಬಿಚ್ಚಬೇಕು, ಹದಿನಾಲ್ಕು ಸುತ್ತು ಕಟ್ಟಬೇಕು, ಅಷ್ಟೇ.

ಊರು ಗೆಜ್ಜಲಗೆರೆಯ ಫ್ಯಾಕ್ಟರಿಗಳಿಗೆ ಹತ್ತಿರ, ಹೈವೇ ಬಿಟ್ಟು ಎರಡು ಮೈಲಿ ಒಳಗೆ. ನೀರು ದಿನ ಬಿಟ್ಟು ದಿನ. ಮೊದಲು ಮೇಗಲ ಬೀದಿ, ಆಮೇಲೆ ಮಾರಿಗುಡಿ ಬೀದಿ, ಕಡೆಗೆ ಕೆಳಗಲ ಬೀದಿ. ಒಂದೊಂದಕ್ಕೆ ನಲವತ್ತೈದು ನಿಮಿಷ. ದೇವಿರಮ್ಮನ ಮನೆ ಇರುವುದು ಕೆಳಗಲ ಬೀದಿಯಲ್ಲಿ, ಅಂದರೆ ಅವಳ ಮನೆಗೆ ನೀರು ಎಲ್ಲರಿಗಿಂತ ಹಿಂದೆ.

ಈ ನಲವತ್ತೈದು ನಿಮಿಷವನ್ನು ಎಲ್ಲಿಂದ ಎಣಿಸಬೇಕು ಎನ್ನುವುದೇ ಹೊನ್ನಯ್ಯ ಹೇಳಿಕೊಟ್ಟ ವಿದ್ಯೆ. "ಬುಟ್ಟೆ ಅನ್ಬ್ಯಾಡ ಕಣೆ, ಮುಟ್ತು ಅನ್ನು" ಎನ್ನುತ್ತಿದ್ದ. ವಾಲ್ವು ಬಿಚ್ಚಿದ ಹೊತ್ತಿನಿಂದ ಎಣಿಸಿದರೆ ಹತ್ತಿರದ ಮನೆಯವರ ಎಮ್ಮೆಯೂ ಮೈ ತೊಳೆದುಕೊಳ್ಳುತ್ತದೆ, ದೂರದ ಮನೆಯವರ ಗಂಟಲು ಒಣಗುತ್ತದೆ. ಅದಕ್ಕೇ ಪ್ರತಿ ಬೀದಿಯ ಕೊನೆ ಮನೆಯವರು ತಮ್ಮ ನಲ್ಲಿಗೆ ನೀರು ಬಂದ ಕೂಡಲೇ "ಬಂತು!" ಎಂದು ಕೂಗಬೇಕು. ಕೂಗು ಕೇಳಿದ ಮೇಲೆಯೇ ಗಡಿಯಾರ. ನೀರು ತಡವಾದರೆ ಕೊನೆ ಮನೆಯವರಿಗೆ ಇನ್ನೊಂದು ಹಕ್ಕೂ ಇತ್ತು. "ಕಟ್ರವ್ವೋ!" ಎಂದು ಕೂಗಿದರೆ, ತುಂಬಿಸಿಕೊಂಡವರು ಮರುಮಾತಿಲ್ಲದೆ ತಮ್ಮ ನಲ್ಲಿ ತಿರುಗಿಸಿ ಕಟ್ಟಬೇಕು. ಇದು ಎಲ್ಲೂ ಬರೆದಿಟ್ಟದ್ದಲ್ಲ. ಬರೆದಿಟ್ಟಿದ್ದರೆ ಇಷ್ಟು ವರ್ಷ ನಡೆಯುತ್ತಿತ್ತೋ ಇಲ್ಲವೋ.

ಮೇಗಲ ಬೀದಿಯ ಕೊನೆ ಮನೆ ದಿಣ್ಣೆಯ ಮೇಲಿದೆ. ವಾಲ್ವಿನ ಬಳಿ ನಿಂತರೆ ಕಾಣುವುದಿಲ್ಲ, ಬೀದಿ ಅಲ್ಲಿ ತಿರುಗಿಕೊಳ್ಳುತ್ತದೆ. ಆ ಮನೆಯಲ್ಲಿ ಪಟ್ಟಲಮ್ಮ ಎನ್ನುವ ಅಜ್ಜಿ ಇದ್ದಳು. ಹಿತ್ತಾಳೆ ಚೊಂಬನ್ನು ಮೆಟ್ಟಿಲ ಕಲ್ಲಿಗೆ ಎರಡು ಸಲ ಬಡಿದು ಅವಳು "ಬಂತು ಕಣವ್ವೋ" ಎಂದರೆ ಕೆರೆ ಏರಿಯವರೆಗೂ ಕೇಳುತ್ತಿತ್ತು. ಹೋದ ಕಾರ್ತೀಕದಲ್ಲಿ ಪಟ್ಟಲಮ್ಮ ತೀರಿಕೊಂಡಳು. ಮಳವಳ್ಳಿಗೆ ಕೊಟ್ಟಿದ್ದ ಅವಳ ಮಗಳು ನಾಗರತ್ನ ಬಂದು ಮನೆಗೆ ಸುಣ್ಣ ಬಳಿಸಿ, ಬಚ್ಚಲಿಗೆ ಹೊಸ ಕಲ್ಲು ಹಾಕಿಸಿ, ಫ್ಯಾಕ್ಟರಿಯವರಿಗೆ ಬಾಡಿಗೆಗೆ ಕೊಟ್ಟಳು. ಸಂಕ್ರಾಂತಿ ಕಳೆದ ಮೇಲೆ ವಿಯೆಟ್ನಾಂ ದೇಶದ ಗಂಡಹೆಂಡತಿ ಅಲ್ಲಿಗೆ ಬಂದರು. ಗಂಡ ಹೊಸ ಮಷೀನು ಕೂರಿಸುವ ಎಂಜಿನಿಯರು, ಕತ್ತಲಿರುವಾಗಲೇ ಕಾರು ಬಂದು ಕರೆದುಕೊಂಡು ಹೋಗುತ್ತಿತ್ತು. ಹೆಂಡತಿಯ ಹೆಸರು ಲಾನ್. ಮೂವತ್ತರ ಆಸುಪಾಸು. ಬೀದಿಯಲ್ಲಿ ಯಾರೇ ಎದುರಾದರೂ ತಲೆ ಬಗ್ಗಿಸಿ ನಗುತ್ತಿದ್ದಳು. ಮಾತಿಲ್ಲ. ಒಂದೂವರೆ ವರ್ಷ ಇದ್ದು ಹೋಗುವವರಂತೆ ಎಂದು ಊರು ಮಾತಾಡಿಕೊಂಡಿತು.

ಅವರು ಬಂದ ಮೇಲೂ ದಿಣ್ಣೆಯ ಕಡೆಯಿಂದ "ಬಂತು!" ಎನ್ನುವ ಕೂಗು ಕೇಳುತ್ತಲೇ ಇತ್ತು. ದನಿ ಪಕ್ಕದ ಮನೆ ಅಂಕಮ್ಮನದು. ಪರದೇಶದವರಿಗೆ ಕೂಗಲು ಬರುವುದಿಲ್ಲ, ಅಂಕಮ್ಮ ಅವರ ನಲ್ಲಿ ನೋಡಿ ಕೂಗುತ್ತಿದ್ದಾಳೆ, ಒಳ್ಳೆಯವಳು, ಎಂದುಕೊಂಡು ದೇವಿರಮ್ಮ ಗಡಿಯಾರ ನೋಡುತ್ತಿದ್ದಳು. ಗಂಡನದೇ ಗಡಿಯಾರ. ಮಣಿಕಟ್ಟಿಗೆ ದೊಡ್ಡದು. ವರ್ಷಕ್ಕೊಂದು ಸಲ ಮದ್ದೂರಿನಲ್ಲಿ ಸೆಲ್ಲು ಹಾಕಿಸುತ್ತಾಳೆ.

ಹೀಗೆ ಮೂರು ತಿಂಗಳು ಕಳೆಯಿತು. ಬೇಸಗೆಯ ನಡುವೆ ಒಂದು ಮಂಗಳವಾರ ದೇವಿರಮ್ಮ ಜಗಲಿಯಲ್ಲಿ ಕೂತು ಬಸ್ಸಾರಿಗೆ ಸೊಪ್ಪು ಬಿಡಿಸುತ್ತಿದ್ದಳು. ಪಂಚಾಯಿತಿ ಮೆಂಬರು ಕೆಂಪರಾಜು ಬೈಕು ನಿಲ್ಲಿಸಿದ. ಇಳಿಯಲಿಲ್ಲ. ಒಂದು ಕಾಲು ನೆಲದ ಮೇಲಿಟ್ಟುಕೊಂಡೇ ಮಾತಾಡಿದ.

"ಅಕ್ಕಾ, ಒಂದ್ ಕಂಪ್ಲೇಂಟ್ ಬಂದದೆ ಕಣಕ್ಕ."

"ಎಲ್ಲ್ ಒಡ್ಕೊಂಡದಪ್ಪಾ ಪೈಪು?"

"ಪೈಪಲ್ಲ. ನಿನ್ ಮ್ಯಾಲೆ."

ದೇವಿರಮ್ಮನ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಹದಿನಾಲ್ಕು ವರ್ಷದಲ್ಲಿ ಆ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

ಕೆಂಪರಾಜು ಮೊಬೈಲು ತೆಗೆದು ಓದಿದ. ಫ್ಯಾಕ್ಟರಿಯವರು ಹೊರದೇಶದಿಂದ ಬಂದ ಮನೆಯವರಿಗೆಲ್ಲ ಮೂರು ತಿಂಗಳಿಗೊಮ್ಮೆ ಒಂದು ಫಾರಂ ಕೊಡುತ್ತಾರಂತೆ, ಮನೆಯಲ್ಲಿ ಏನೇನು ಸರಿಯಿದೆ, ಏನಿಲ್ಲ ಎಂದು ಕೇಳಲು. ಲಾನ್ ಬರೆದುಕೊಟ್ಟಿದ್ದನ್ನು ಯಾರೋ ಕನ್ನಡ ಮಾಡಿ ಪಂಚಾಯಿತಿಗೆ ಕಳಿಸಿದ್ದರು. "ಕರೆಂಟು: ಹೋಗುತ್ತದೆ, ಬರುತ್ತದೆ. ಗ್ಯಾಸು: ಫೋನು ಮಾಡಿದರೆ ಬರುತ್ತದೆ. ಕಸ: ಗಾಡಿ ಬರುತ್ತದೆ, ಹಾಡು ಹಾಕುತ್ತದೆ. ನೀರು: ದಿನ ಬಿಟ್ಟು ದಿನ, ಎರಡು ಬಕೆಟ್."

"ಎಲ್ಡ್ ಬಕೀಟಾ?" ದೇವಿರಮ್ಮ ಎದ್ದು ನಿಂತಳು. "ನಲವತ್ತೈದ್ ನಿಮ್ಸಕ್ಕೆ ಎಲ್ಡ್ ಬಕೀಟಾ? ಸರಿಯಾಗ್ ಓದ್ಲಾ."

"ಓದಿವ್ನಿ ಕಣಕ್ಕ. ಇನ್ನೂ ಮೂರ್ ಮನೆ ಬಾಡ್ಗೆಗೆ ಕೇಳ್ತಾವ್ರೆ ನಮ್ಮೂರಲ್ಲಿ. ನೀರಿಲ್ಲ ಅಂದ್ರೆ ಮೈಸೂರ್ ಕಡೀಕ್ ಒಂಟೋಯ್ತಾರೆ. ಸುಕ್ರವಾರ ಆಪೀಸ್ನೋರು ಬಂದು ಆ ಮನೆ ಡ್ರಮ್ಮು ನೋಡ್ತಾರಂತೆ. ತುಂಬ್ನಿಲ್ಲ ಅಂದ್ರೆ..." ಅವನು ಬೈಕಿನ ಕನ್ನಡಿ ಒರೆಸತೊಡಗಿದ.

"ಅಂದ್ರೆ?"

"ಕೀಲಿ ಮೋಟ್ರು ಆಕೋ ನಾಗರಾಜುಗ್ ಕೊಡದು ಅಂತ ಮಾತಾಗದೆ. ನಾ ಯೋಳಿದ್ದಲ್ಲ ಕಣಕ್ಕ, ನನ್ ಮ್ಯಾಲೆ ಮುನಿಸ್ಕಬ್ಯಾಡ."

ಅವನು ಹೋದ ಮೇಲೆ ದೇವಿರಮ್ಮ ಸೊಪ್ಪು ಬಿಡಿಸಿ ಮುಗಿಸಿದಳು. ಒಲೆ ಹಚ್ಚಿದಳು. ಉಂಡಳು. ಆದರೆ ಅವಳ ಕಣ್ಣು ಮತ್ತೆ ಮತ್ತೆ ಮೂಲೆಗೆ ಹೋಗುತ್ತಿತ್ತು. ಕೀಲಿಯ ಹಿಡಿ ಒಂದು ಕಡೆ ಹೊಳೆಯುತ್ತಿತ್ತು, ಗಂಡನ ಅಂಗೈ ಸವೆಸಿದ್ದು. ಇನ್ನೊಂದು ಕಡೆಯನ್ನು ತಾನು ಸವೆಸಿದ್ದು. ಕೆಲಸ ಹೋದರೆ ಕೂಲಿಯಿದೆ, ಕಬ್ಬಿನ ಗದ್ದೆಯಿದೆ. ಆದರೆ ಕೊನೆ ಮನೆಗೆ ನೀರು ಮುಟ್ಟಿಸದ ನೀರುಗಂಟಿ ಎಂಬ ಹೆಸರು ಹೊತ್ತುಕೊಂಡು ಕೀಲಿ ಕೊಡಬೇಕಲ್ಲ ಎನ್ನುವುದು ಎದೆಗೆ ಕೂತಿತು.

ಬುಧವಾರ ನೀರಿನ ದಿನ. ಆರಕ್ಕೆ ಸರಿಯಾಗಿ ದೇವಿರಮ್ಮ ಚಪ್ಪಡಿ ಸರಿಸಿ ವಾಲ್ವು ಬಿಚ್ಚಿದಳು. ಎಂದಿನಂತೆ ಅಲ್ಲೇ ಕೂರದೆ ನೀರಿನ ಜೊತೆಯಲ್ಲೇ ನಡೆದಳು. ನೀರಿನ ಮುಂದೆ ಗಾಳಿ ಹೋಗುತ್ತದೆ. ಒಂದೊಂದು ನಲ್ಲಿಯೂ ಮೊದಲು ಬುಸುಗುಟ್ಟಿ, ಆಮೇಲೆ ಎರಡು ಸಲ ಕೆಮ್ಮಿ, ಆಮೇಲೆ ಸುರಿಯುತ್ತದೆ. ಮನೆಯಿಂದ ಮನೆಗೆ ಆ ಸದ್ದನ್ನು ಹಿಂಬಾಲಿಸಿ ಅವಳು ಏರಿದಳು. ಹೆಂಗಸರು ಬಿಂದಿಗೆ ಹಿಡಿದುಕೊಂಡು ಬೆರಗಾದರು.

"ಇದ್ಯಾಕ್ ದೇವಿರಕ್ಕ, ನೀರಿಗೆ ದಾರಿ ತೋರ್ಸ್‌ಕಂಡ್ ಬತ್ತಿದ್ದೀಯ?"

"ಮರ್ತೋದಂಗದೆ ಕಣವ್ವ ಅದ್ಕೆ, ತೋರುಸ್ತೀನಿ."

ಆರು ಗಂಟೆ ಹದಿನಾಲ್ಕು ನಿಮಿಷಕ್ಕೆ ಅಂಕಮ್ಮನ ನಲ್ಲಿ ಕೆಮ್ಮಿತು. ಅಂಕಮ್ಮ ಅಂಗಳದಿಂದ ತಲೆಯೆತ್ತಿ, ದೇವಿರಮ್ಮ ಎದುರಿಗೇ ನಿಂತಿರುವುದನ್ನೂ ಗಮನಿಸದೆ, "ಬಂತು!" ಎಂದು ಕೂಗಿದಳು. ಆಮೇಲೆ ನೋಡಿ ಬೆಚ್ಚಿಬಿದ್ದಳು.

ದೇವಿರಮ್ಮ ಮೇಲೆ ನಡೆದು ಲಾನ್ ಮನೆಯ ಮುಂದೆ ನಿಂತಳು. ಅಲ್ಲಿ ನಲ್ಲಿಯ ಕೆಳಗೆ ಎರಡು ಬಕೆಟ್ಟು ಸಾಲಾಗಿದ್ದವು. ಪಕ್ಕದಲ್ಲಿ ಖಾಲಿ ನೀಲಿ ಡ್ರಮ್ಮು. ನಲ್ಲಿ ಬುಸುಗುಟ್ಟುತ್ತಿತ್ತು, ಅಷ್ಟೇ. ಲಾನ್ ಹೊರಗೆ ಬಂದು ತಲೆ ಬಗ್ಗಿಸಿ, ಮೊಬೈಲಿಗೆ ಏನೋ ಹೇಳಿದಳು. ಮೊಬೈಲು ಕನ್ನಡದಲ್ಲಿ ಮಾತಾಡಿತು.

"ಅಮ್ಮನವರೇ, ದಯವಿಟ್ಟು ತಾವು ಆಸೀನರಾಗಿರಿ."

ಪೌರಾಣಿಕ ನಾಟಕದ ರಾಜನಂತಿತ್ತು ಆ ಮಾತು. ದೇವಿರಮ್ಮ ಒಳಗೆ ಯಾರೋ ಗಂಡಸಿದ್ದಾನೆಂದು ಬಾಗಿಲ ಕಡೆ ನೋಡಿದಳು. ಆಮೇಲೆ ಗೊತ್ತಾಗಿ ಮೆಟ್ಟಿಲ ಮೇಲೆ ಕೂತಳು.

ಕೂತು ಕಾದಳು. ಕಾಯುವಾಗ ಅಂಗಳವನ್ನು ನೋಡಿದಳು. ಅಕ್ಕಿ ತೊಳೆದ ನೀರು ಒಂದು ಬೋಗುಣಿಯಲ್ಲಿತ್ತು. ಅದರಲ್ಲೇ ಲಾನ್ ಪಾತ್ರೆ ತೊಳೆದಳು. ಆ ಪಾತ್ರೆ ತೊಳೆದ ನೀರನ್ನು ಇನ್ನೊಂದಕ್ಕೆ ಬಗ್ಗಿಸಿ ಪಟ್ಟಲಮ್ಮ ನೆಟ್ಟಿದ್ದ ಕರಿಬೇವಿನ ಬುಡಕ್ಕೆ ಹಾಕಿದಳು. ಒಂದು ಹನಿ ಆಚೀಚೆ ಹೋಗಲಿಲ್ಲ. ನೀರು ಗೊತ್ತಿದ್ದ ಕೈ, ಎಂದು ದೇವಿರಮ್ಮನಿಗೆ ಅನ್ನಿಸಿತು. ಗಿಡ ಹಸಿರಾಗಿತ್ತು. ಎರಡು ಬಕೆಟ್ಟಿನಲ್ಲಿ ಮನೆಯನ್ನೂ ನಡೆಸಿ, ಅಜ್ಜಿಯ ಗಿಡವನ್ನೂ ಉಳಿಸಿದ್ದಳು.

ಆರು ನಲವತ್ತಾರಕ್ಕೆ ನಲ್ಲಿಯಿಂದ ಕಿರುಬೆರಳು ದಪ್ಪದ ನೀರು ಬಂತು. ಅಂಕಮ್ಮನ ಮನೆಗೂ ಈ ಮನೆಗೂ ನಡುವೆ ಮೂವತ್ತೆರಡು ನಿಮಿಷ. ಕೆಳಗಿನ ಮನೆಯವರೆಲ್ಲ ತುಂಬಿಸಿಕೊಂಡು ನಲ್ಲಿ ಕಟ್ಟಿದ ಮೇಲೆಯೇ ದಿಣ್ಣೆಗೆ ನೀರು ಏರುವುದು. ಅಂಕಮ್ಮನ ಕೂಗಿಗೆ ಗಡಿಯಾರ ನೋಡಿ ದೇವಿರಮ್ಮ ವಾಲ್ವು ಕಟ್ಟುತ್ತಿದ್ದುದು ಆರು ಐವತ್ತೊಂಬತ್ತಕ್ಕೆ. ಅಂದರೆ ಕೊನೆ ಮನೆಗೆ ದಕ್ಕಿದ್ದು ಹದಿಮೂರು ನಿಮಿಷ, ಅದೂ ಕಿರುಬೆರಳು ದಪ್ಪ.

ಬೇಸಗೆಯಲ್ಲೂ ನೀರು ಚೆನ್ನಾಗಿದೆ ಎಂದು ಈ ಸಲ ಕೆಳಗಲ ಬೀದಿಯವರು ಹೊಗಳಿದ್ದರು. ದೇವಿರಮ್ಮ ಒಳಗೊಳಗೇ ಹಿಗ್ಗಿದ್ದಳು. ಟ್ಯಾಂಕಿನಲ್ಲಿ ಉಳಿಯುತ್ತಿದ್ದುದು ಈ ಮನೆಯ ನೀರು. ಅದು ತನ್ನ ಮನೆಯ ಹಂಡೆಗೂ ಬಿದ್ದಿತ್ತು. ಅವಳಿಗೆ ಮುಖ ಎತ್ತಲಾಗಲಿಲ್ಲ.

"ನೀನು ಯಾಕ್ ಒಂದ್ ಮಾತ್ ಕೇಳ್ನಿಲ್ಲವ್ವಾ?" ಎಂದಳು. ಮೊಬೈಲಿಗೆ ಅವಳ ಕನ್ನಡ ತಿಳಿಯಲಿಲ್ಲ. ಏನೋ ತಪ್ಪಾಗಿ ಹೇಳಿತು. ದೇವಿರಮ್ಮ ಬಕೆಟ್ಟು ತೋರಿಸಿ, ಎರಡು ಬೆರಳೆತ್ತಿ, ಕೈ ತಿರುಗಿಸಿ "ಯಾಕೆ?" ಎಂದು ಕೇಳಿದಳು. ಲಾನ್‌ಗೆ ತಿಳಿಯಿತು. ಅವಳು ಹೇಳಿದ್ದನ್ನು ಮೊಬೈಲು ರಾಜಗಾಂಭೀರ್ಯದಲ್ಲಿ ನುಡಿಯಿತು:

"ನಾನು ದೂರು ಸಲ್ಲಿಸಿಲ್ಲ. ಪ್ರಶ್ನೆಗೆ ಉತ್ತರ ನೀಡಿದ್ದೇನೆ. ಈ ಊರಿನಲ್ಲಿ ಎಲ್ಲರಿಗೂ ಎರಡು ಬಕೆಟ್ ಎಂದು ಭಾವಿಸಿದ್ದೆ."

ಆಮೇಲೆ ಲಾನ್ ಮೊಬೈಲಿನಲ್ಲಿ ಒಂದು ಪಟ ತೋರಿಸಿದಳು. ಒಂದು ಹಂಚಿನ ಮನೆ. ಸೂರಿನ ಕೆಳಗೆ ಸಾಲಾಗಿ ಆರು ದೊಡ್ಡ ಮಣ್ಣಿನ ಗುಡಾಣ, ಒಂದೊಂದೂ ಎದೆಮಟ್ಟ. ಪಕ್ಕದಲ್ಲಿ ಕುಳ್ಳಗಿನ ಮುದುಕಿ. ಮೇಲಿನಿಂದ ಮಳೆ ಬೀಳುವ ಹಾಗೆ ಲಾನ್ ಬೆರಳಾಡಿಸಿದಳು.

"ಗುಡಾಣ!" ಎಂದಳು ದೇವಿರಮ್ಮ. "ನಮ್ಮವ್ವನ್ ಮನೇಲೂ ಇತ್ತು ಕಣವ್ವ, ಎಲ್ಡು." ಮುದುಕಿಯನ್ನು ತೋರಿಸಿ, "ನಿಮ್ಮವ್ವನಾ?" ಎಂದಳು. ಅದಕ್ಕೆ ಮೊಬೈಲು ಬೇಕಾಗಲಿಲ್ಲ.

ಗಂಟೆ ಆರು ಐವತ್ತಾಯಿತು. ಲೆಕ್ಕದ ಪ್ರಕಾರ ನೀರು ಮುಟ್ಟಿದಲ್ಲಿಂದ ನಲವತ್ತೈದು ನಿಮಿಷ ಬಿಡಬೇಕು. ಆದರೆ ಮಾರಿಗುಡಿ ಬೀದಿಯವರು ಏಳಕ್ಕೆ ಬಿಂದಿಗೆ ಸಾಲು ಹಚ್ಚಿರುತ್ತಾರೆ, ಫ್ಯಾಕ್ಟರಿ ಬಸ್ಸಿಗೆ ಹೋಗುವವರಿದ್ದಾರೆ. ತಪ್ಪು ತನ್ನದು. ಅದನ್ನು ಹೇಳದೆ ಕೇಳದೆ ಇನ್ನೊಂದು ಬೀದಿಯ ತಲೆಗೆ ಕಟ್ಟುವ ಹಾಗಿಲ್ಲ. ದೇವಿರಮ್ಮ ಇಳಿದು ಹೋಗಿ ಐವತ್ತೊಂಬತ್ತಕ್ಕೇ ವಾಲ್ವು ಕಟ್ಟಿದಳು. ಹತ್ತು ಗಂಟೆಯ ಹೊತ್ತಿಗೆ ತನ್ನ ಮನೆಗೆ ಹಿಡಿದ ನೀರಿನಲ್ಲಿ ತಲೆ ಮೇಲೊಂದು, ಸೊಂಟದಲ್ಲೊಂದು ಬಿಂದಿಗೆ ಹೊತ್ತು ಲಾನ್ ಮನೆಗೆ ದಿಣ್ಣೆ ಹತ್ತಿದಳು. ಎರಡು ಸಲ. ದಾರಿಯಲ್ಲಿ ಯಾರೋ ಕೇಳಿದರು.

"ಕೀಲಿ ನಿನ್ ತಾವೇ ಅದೆ, ಒಂದ್ ಗಳಿಗೆ ಬುಟ್ರೆ ಆಯ್ತದಲ್ಲ?"

"ಅದ್ರಲ್ ಬುಡಾಕೆ ನಂಗೆ ಹಕ್ಕಿಲ್ಲ ಕಣಪ್ಪ. ತಲೆ ಮ್ಯಾಲೆ ಒರಾಕೆ ಅದೆ."

ಇಳಿಯುವಾಗ ಅಂಕಮ್ಮ ಬಾಗಿಲಲ್ಲಿ ಕಾಯುತ್ತಿದ್ದಳು. ಮುಖ ಬಾಡಿತ್ತು.

"ಅಕ್ಕಾ, ನಾ ಕದ್ ಕೂಗ್ನಿಲ್ಲ ಕಣಕ್ಕ. ನಂಗೇನ್ ಲಾಬ? ನೀ ಬಿರ್ರನೆ ಕಟ್ತಿದ್ದೆ, ನಂಗೂ ಕಮ್ಮೀನೇ ಆಯ್ತಿತ್ತು."

"ನಾ ಏನಾರ ಅಂದ್ನಾ?"

"ಅವ್ರ್ ಮನೇಗೆ ಕ್ಯಾನ್ ನೀರ್ ಬತ್ತದೆ. ಪರದೇಸ್ದೋರು, ಅವ್ರಿಗ್ಯಾಕೆ ನಲ್ಲಿ ನೀರು ಅನ್ಕಂಡೆ. ಪಟ್ಟಲಮ್ಮಜ್ಜಿ ಓದ್ ಮ್ಯಾಲೆ ಬೀದಿ ಬಿಕೋ ಅಂತಿತ್ತು. ಯಾರಾರ ಕೂಗ್ಬೇಕಲ್ಲ ಅಂತ ನಾ ಕೂಗ್ದೆ." ಅಂಕಮ್ಮ ಕಣ್ಣೊರೆಸಿಕೊಂಡಳು.

ದೇವಿರಮ್ಮ ಬಿಂದಿಗೆ ಇಳಿಸಿ ಅವಳ ಪಕ್ಕ ಕೂತಳು. ಕ್ಯಾನು ಬರುತ್ತಿದ್ದುದನ್ನು ತಾನೂ ನೋಡಿದ್ದಳು. ವಾರಕ್ಕೆರಡು, ಕುಡಿಯಲು. ಕೂಗುತ್ತಿರುವುದು ಅಂಕಮ್ಮ ಎಂದು ತಿಳಿದೂ ಯಾವ ನಲ್ಲಿ ನೋಡಿ ಕೂಗುತ್ತಾಳೆ ಎಂದು ಒಂದು ದಿನ ಹತ್ತಿ ನೋಡಿರಲಿಲ್ಲ. "ನಿಂದಲ್ಲ ಬುಡೇ," ಎಂದಳು. "ಕೂಗಿದ್ದು ನೀನು. ಕೇಳಿದ್ದು ನಾನು. ನಾ ನೋಡ್ಬೇಕಿತ್ತು."

ಗುರುವಾರ ಮಧ್ಯಾಹ್ನ ಮೂವರೂ ಪಟ್ಟಲಮ್ಮನ ಜಗಲಿಯಲ್ಲಿ ಕೂತರು. ಅಷ್ಟರಲ್ಲಿ ದೇವಿರಮ್ಮ ಮಾರಿಗುಡಿ ಬೀದಿ, ಕೆಳಗಲ ಬೀದಿಗಳ ಮನೆ ಮನೆಗೂ ಹೋಗಿ ಹೇಳಿ ಬಂದಿದ್ದಳು. ಮೂರು ತಿಂಗಳಿಂದ ತನ್ನ ಲೆಕ್ಕ ತಪ್ಪಿದೆ, ನಾಳೆಯಿಂದ ನಿಮಗೆ ನೀರು ಅರ್ಧ ಗಂಟೆ ತಡ, ಕಡೇ ಬೀದಿಗೆ ವಸಿ ಕಮ್ಮಿ ಎಂದು. ಬೈದವರು ಬೈದರು. ಅವಳು ನಿಂತು ಕೇಳಿಸಿಕೊಂಡು ಮುಂದಿನ ಮನೆಗೆ ಹೋಗಿದ್ದಳು.

"ನಾನೇ ಕೂಗ್ತೀನಿ ಬುಡಕ್ಕ," ಎಂದಳು ಅಂಕಮ್ಮ. "ಇವ್ಳ್ ನಲ್ಲೀನೇ ನೋಡಿ ಕೂಗ್ತೀನಿ. ಆಣೆಗೂ."

"ಬ್ಯಾಡ. ನಿಂಗೆ ಜರ ಬಂದ್ ದಿನ? ನೀ ತವರಿಗ್ ಓದ್ ದಿನ? ಅವಳ್ ನೀರಿಗೆ ಅವಳೇ ಕೂಗ್ಬೇಕು."

ಲಾನ್‌ಗೆ ಕೈಯಲ್ಲೇ ಎಲ್ಲ ತೋರಿಸಿದರು. ಅಂಕಮ್ಮ ನಲ್ಲಿಯಾದಳು, ಬುಸುಗುಟ್ಟಿದಳು, ಕೆಮ್ಮಿದಳು. ದೇವಿರಮ್ಮ ಕೆಳಗಿನ ಮನೆಯವಳಾಗಿ ನಲ್ಲಿ ಕಟ್ಟಿದಳು. ಲಾನ್ ನಕ್ಕು ನಕ್ಕು ಗೋಡೆಗೆ ಒರಗಿದಳು. ಆಮೇಲೆ ಎದ್ದು ನಿಂತು ಕೂಗಿದಳು.

"ಬಂತು."

"ಇದು ಕೂಗಲ್ಲ ಕಣವ್ವ," ಎಂದಳು ಅಂಕಮ್ಮ. "ಬೆಕ್ ಮರೀನ ಆಲಿಗ್ ಕರ್ದಂಗಾಯ್ತು."

ಇನ್ನೊಮ್ಮೆ ಕೂಗಿದಳು. ಎದುರು ಮನೆಯ ಕೋಳಿಯೂ ತಲೆಯೆತ್ತಲಿಲ್ಲ. ಲಾನ್ ಗಂಟಲು ಹಿಡಿದುಕೊಂಡು, ತನ್ನ ಊರಿನಲ್ಲಿ ತಾನು ಎಂದೂ ಕೂಗಿದವಳಲ್ಲ ಎನ್ನುವ ಹಾಗೆ ಕೈಯಾಡಿಸಿದಳು. ದೇವಿರಮ್ಮ ಒಳಗೆ ಹೋಗಿ ಅಡಿಗೆಮನೆಯ ಗೂಡಿನಲ್ಲಿ ಕೈಯಾಡಿಸಿದಳು. ಅವಳು ಎಣಿಸಿದ ಹಾಗೆಯೇ ಪಟ್ಟಲಮ್ಮನ ಹಿತ್ತಾಳೆ ಚೊಂಬು ಅಲ್ಲೇ ಇತ್ತು. ನಾಗರತ್ನ ಮರೆತದ್ದೋ, ಬೇಕೆಂದೇ ಬಿಟ್ಟದ್ದೋ. ತಳ ಒಂದು ಕಡೆ ತಗ್ಗಾಗಿತ್ತು. ಅದಕ್ಕೆ ಸರಿಯಾಗಿ ಮೆಟ್ಟಿಲ ಕಲ್ಲಿನ ಅಂಚಿನಲ್ಲೂ ಒಂದು ಗುಳಿ. ದೇವಿರಮ್ಮ ಚೊಂಬನ್ನು ಲಾನ್ ಕೈಗೆ ಕೊಟ್ಟು ಆ ಗುಳಿಯನ್ನು ತೋರಿಸಿದಳು. ಲಾನ್ ಬೆರಳಿಂದ ಗುಳಿಯನ್ನು ಸವರಿದಳು. ಇಲ್ಲಿ ಯಾರು, ಎಷ್ಟು ವರ್ಷ ಬಡಿದಿರಬಹುದು ಎಂದು ಲೆಕ್ಕ ಹಾಕುವವಳ ಹಾಗೆ ಚೊಂಬಿನ ತಗ್ಗನ್ನು ಅದಕ್ಕೆ ಹೊಂದಿಸಿ ನೋಡಿದಳು.

ಶುಕ್ರವಾರ ಆರಕ್ಕೆ ಹದಿನಾಲ್ಕು ಸುತ್ತು. ಕೆಂಪರಾಜು ಬಂದು ವಾಲ್ವಿನ ಪಕ್ಕ ನಿಂತ. ಫ್ಯಾಕ್ಟರಿ ಆಫೀಸಿನಿಂದ ಪ್ರೀತಂ ಎನ್ನುವ ಹುಡುಗಪ್ರಾಯದವನು ಕೊರಳಿಗೆ ಕಾರ್ಡು ಹಾಕಿಕೊಂಡು ಬಂದು, ಮೇಲೆ ಡ್ರಮ್ಮಿನ ಹತ್ತಿರ ಹೋಗಿ ನಿಂತಿದ್ದ. ಅಂಕಮ್ಮನಿಗೆ ದೇವಿರಮ್ಮ ಖಡಾಖಂಡಿತವಾಗಿ ಹೇಳಿದ್ದಳು, ಬಾಯಿ ಬಿಡಬೇಡ ಎಂದು.

ಆರು ಹದಿನಾಲ್ಕಾಯಿತು. ಕೂಗಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ. ಆರು ಇಪ್ಪತ್ತಾಯಿತು.

"ಅಕ್ಕಾ, ಕೂಗ್ತಾಳಾ ಅವ್ಳು?" ಎಂದ ಕೆಂಪರಾಜು.

"ನೀರ್ ಬಂದ್ರೆ ಕೂಗ್ತಾಳೆ."

ಆರೂವರೆಗೆ ಮಾರಿಗುಡಿ ಬೀದಿಯ ಕಾಮಾಕ್ಷಮ್ಮ ಖಾಲಿ ಕೊಡ ಸೊಂಟಕ್ಕೆ ಇಟ್ಟುಕೊಂಡು ಬಂದಳು. ಹಿಂದೆ ಮೂರು ಜನ. "ಏನ್ ದೇವಿರಕ್ಕ, ನಮ್ಮೂರ್ ನೀರ ಅವ್ರೂರ್ ಗಂಟ ಬುಡ್ತಿದ್ದೀಯಾ? ಪೈಪು ಸಾಲ್ತದಾ?"

"ಸಾಲ್ದಿದ್ರೆ ನಿನ್ ನಾಲ್ಗೆ ಕೇಳ್ತೀನಿ ಇರು, ಅದು ವಸಿ ಉದ್ದ ಅದೆ."

ನಕ್ಕರು. ಆದರೆ ಕಾಮಾಕ್ಷಮ್ಮ ಕೊಡ ಇಳಿಸಲಿಲ್ಲ. ದೇವಿರಮ್ಮ ಕೀಲಿಯ ಹಿಡಿಗೆ ಅಂಗೈ ಇಟ್ಟುಕೊಂಡು ನಿಂತಳು. ನೀರು ಓಡುವಾಗ ಕೀಲಿಯಲ್ಲಿ ಸಣ್ಣಗೆ ಒಂದು ನಡುಕವಿರುತ್ತದೆ. ಬೀದಿಯ ನಲ್ಲಿಗಳೆಲ್ಲ ಬಿಚ್ಚಿಕೊಂಡಿವೆ ಎಂದು ಆ ನಡುಕ ಹೇಳುತ್ತಿತ್ತು. ತುಂಬಿದ ಮೇಲೂ ಯಾರೋ ಬಟ್ಟೆಗೆ ಬಿಟ್ಟುಕೊಂಡಿರಬೇಕು, ಯಾರೋ ಎಮ್ಮೆಗೆ. ಐದು ತಿಂಗಳಿಂದ "ಕಟ್ರವ್ವೋ" ಎನ್ನುವವರಿಲ್ಲದೆ ಬೀದಿ ಅದನ್ನು ಮರೆತಿತ್ತು. ಆ ಹುಡುಗಿ ಕೂಗದಿದ್ದರೆ? ಕೂಗಿದರೂ ಇವರು ಕಟ್ಟದಿದ್ದರೆ?

ಆಗ ಠಣ್ ಎಂದಿತು. ಇನ್ನೊಮ್ಮೆ ಠಣ್. ಹಿತ್ತಾಳೆ, ಕಲ್ಲು. ಆ ಸದ್ದು ಕೇಳಿ ಐದು ತಿಂಗಳಾಗಿತ್ತು. ಕಾಮಾಕ್ಷಮ್ಮನ ಕೈ ತಾನಾಗಿ ಎದೆಗೆ ಹೋಯಿತು, "ಪಟ್ಟಲಮ್ಮಜ್ಜಿ" ಎಂದಳು ಮೆಲ್ಲಗೆ.

"ಕಟ್ರವ್ವೋ!"

ತೆಳ್ಳನೆಯ ದನಿ. ಇಳಿಯಬೇಕಾದಲ್ಲಿ ಏರಿ, ಏರಬೇಕಾದಲ್ಲಿ ಇಳಿದಿತ್ತು. ಆದರೆ ತಿರುವು ದಾಟಿ ಬಂದಿತ್ತು. ಬೀದಿಯಲ್ಲಿ ಒಂದು ಹೆಂಗಸು ಕಿಸಕ್ಕೆಂದು ನಕ್ಕಳು. ಇನ್ನೊಬ್ಬಳು "ನಗಾಡ್ಬ್ಯಾಡ್ವೇ, ನಲ್ಲಿ ಕಟ್ಟೇ ಮೊದ್ಲು" ಎಂದಳು. ದೇವಿರಮ್ಮನ ಅಂಗೈಗೆ ತಿಳಿಯಿತು. ನಡುಕ ಒಂದು ಮೆಟ್ಟಿಲು ಇಳಿಯಿತು. ಇನ್ನೊಂದು. ಒಂದೊಂದೇ ನಲ್ಲಿ ಬಾಯಿ ಮುಚ್ಚುತ್ತ, ನೀರೆಲ್ಲ ಮೇಲಕ್ಕೆ ನುಗ್ಗುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡು ಎಣಿಸಿದಳು.

"ಬಂತು! ಬಂತು ಕಣವ್ವೋ!"

ಕಣವ್ವೋ ಎನ್ನುವುದನ್ನು ಯಾರು ಹೇಳಿಕೊಟ್ಟರೋ. ಅಂಕಮ್ಮನೇ ಇರಬೇಕು. ದೇವಿರಮ್ಮ ಕಣ್ಣು ಬಿಟ್ಟು ಗಡಿಯಾರ ನೋಡಿದಳು. ಆರು ಮೂವತ್ತೇಳು. ಏಳು ಇಪ್ಪತ್ತೆರಡರವರೆಗೆ.

ಏಳು ಗಂಟೆಗೆ ಕೆಂಪರಾಜುವಿನ ಮೊಬೈಲು ಹೊಡೆದುಕೊಂಡಿತು. ಅವನ ಮುಖ ಅರಳಿತು. "ಅಕ್ಕಾ, ಡ್ರಮ್ ತುಂಬ್ತಂತೆ! ಬಕೀಟೂ ತುಂಬ್ದೋ ಅಂತೆ. ಕಟ್ಬುಡಕ್ಕ ಸಾಕು, ಕಾಮಾಕ್ಷಮ್ಮ ಕಣ್ಣಲ್ಲೇ ಸುಡ್ತಾವ್ಳೆ."

"ಇನ್ನ ಇಪ್ಪತ್ತೆಲ್ಡು ನಿಮ್ಸ ಅದೆ."

"ತುಂಬ್ತಲ್ಲಕ್ಕಾ!"

"ಅವ್ರ್ ಡ್ರಮ್ಮು ಅವ್ರಿಷ್ಟ. ನಿಮ್ಸ ನಂದು." ಕೀಲಿಯನ್ನು ವಾಲ್ವಿನಿಂದ ಎತ್ತಿ ಹೆಗಲಿಗೇರಿಸಿಕೊಂಡು ಅವಳು ದಿಣ್ಣೆ ಹತ್ತಿದಳು.

ಪ್ರೀತಂ ಡ್ರಮ್ಮಿನ ಫೋಟೋ ತೆಗೆದಾಗಿತ್ತು. ಫಾರಂ ಹಿಡಿದುಕೊಂಡು ಅವಳನ್ನೇ ಕೇಳಿದ. "ಅಮ್ಮಾ, ನೀರಿನ ಜಾಗದಲ್ಲಿ ಏನಂತ ಬರೀಲಿ? ಬಿಡ್ತಾರೆ ಅಂತಲಾ?"

"ಮುಟ್ತದೆ ಅಂತ ಬರ್ಕೊಳಪ್ಪ."

ಅವನು ಬರೆದ. ಏನು ಬರೆದನೋ ಅವಳಿಗೆ ಓದಲು ಬಾರದು. ಲಾನ್ ಒಳಗಿನಿಂದ ಬಂದಳು. ಕೂಗಿ ಕೂಗಿ ಕೆನ್ನೆ ಇನ್ನೂ ಕೆಂಪಗಿತ್ತು. ಒಂದು ಕೈಯಲ್ಲಿ ಪಟ್ಟಲಮ್ಮನ ಚೊಂಬು, ತುಂಬ ನೀರು. ಇನ್ನೊಂದು ಕೈಯ ತಟ್ಟೆಯಲ್ಲಿ ಒಂದು ಉಂಡೆ ಬೆಲ್ಲ. ಮನೆಗೆ ಬಂದವರಿಗೆ ಹೀಗೆ ಕೊಡಬೇಕೆಂದು ಇದನ್ನೂ ಯಾರೋ ಹೇಳಿಕೊಟ್ಟಿದ್ದರು. ಮೊಬೈಲು ಎಲ್ಲೋ ಒಳಗಿತ್ತು. ಅವಳು ಸುಮ್ಮನೆ ಎರಡನ್ನೂ ಮುಂದೆ ಹಿಡಿದಳು.

ಹದಿನಾಲ್ಕು ವರ್ಷದಲ್ಲಿ ಮೇಗಲ ಬೀದಿಯ ಯಾವ ಮನೆಯಲ್ಲೂ ದೇವಿರಮ್ಮ ನೀರು ಕುಡಿದಿರಲಿಲ್ಲ. ಯಾರೂ ಕೊಡದವರೇನಲ್ಲ. ನೀರು ಬಿಡುವವಳಿಗೆ ನೀರು ಕೊಡಬೇಕೆಂದು ಯಾರಿಗೂ ತೋಚಿರಲಿಲ್ಲ. ಅವಳಿಗೂ ತೋಚಿರಲಿಲ್ಲ. ಕೀಲಿಯನ್ನು ಗೋಡೆಗೆ ಒರಗಿಸಿ, ಗುಳಿ ಬಿದ್ದ ಮೆಟ್ಟಿಲ ಕಲ್ಲಿನ ಪಕ್ಕ ಕೂತು, ಬೆಲ್ಲ ಕಚ್ಚಿ, ತಲೆ ಹಿಂದಕ್ಕೆ ಮಾಡಿ ಎತ್ತಿ ಕುಡಿದಳು. ತನ್ನದೇ ಟ್ಯಾಂಕಿನ ನೀರು. ತಣ್ಣಗಿತ್ತು.

ಚೊಂಬು ಕೆಳಗಿಟ್ಟು ಗಡಿಯಾರ ನೋಡಿದಳು. ಏಳು ಹದಿನೈದು. ಇಳಿಯಲು ಐದು ನಿಮಿಷ ಬೇಕು. ಇನ್ನೆರಡು ನಿಮಿಷ ಕೂರಬಹುದು ಎಂದು ಕೂತಳು. ಲಾನ್ ಪಕ್ಕದಲ್ಲಿ ಕೂತಳು. ಎರಡು ನಿಮಿಷವಾದ ಮೇಲೆ ಎದ್ದು ಕೀಲಿ ಹೆಗಲಿಗೆ ಹಾಕಿಕೊಂಡು, ಕಾಮಾಕ್ಷಮ್ಮನ ಬೈಗುಳದ ಕಡೆಗೆ ಇಳಿದು ಹೋದಳು.